ಕೂಸಿನ ಹೊಣೆ ಯಾರದು?

ಅಂಗನವಾಡಿ ಎಂಬ ಹೆಸರಿನಿಂದ ಇಂದು ಭರತಖಂಡದ ಮೂಲೆಮೂಲೆಗೂ ಪರಿಚಿತವಾಗಿರುವ ಶಿಶುಪೋಷಣೆಯ ವ್ಯವಸ್ಥೆಯು ೨೦೨೫ನೆಯ ಇಸವಿಯ ಅಕ್ಟೋಬರ ೨ನೆಯ ತಾರೀಖಿಗೆ ಐವತ್ತು ವರ್ಷಗಳನ್ನು ಪೂರೈಸಿತು. ಐವತ್ತು ವರ್ಷ ಬಾಳಿದ ಯಾವ ಸಂಸ್ಥೆಗಾದರೂ ಹಾರತುರಾಯಿಗಳೂ ಅಭಿನಂದನೆಯ ಭಾಷಣಗಳೂ ಸಲ್ಲುವುದು ಲೋಕರೂಢಿಯೇ ಸರಿ. ಅದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ರಾಜಧಾನಿಯ ವೇದಿಕೆಯಿಂದ ಕಾಣುವ ನೋಟ ಬೇರೆ, ಹಳ್ಳಿಯ ಜಗಲಿಯಿಂದ ಕಾಣುವ ನೋಟ ಬೇರೆ. ಅಂಕೋಲಾ ತಾಲೂಕಿನ ಶೆಟಗೇರಿಯಂತಹ ಒಂದು ಊರಿನ ಜಗಲಿಯ ಮೇಲೆ ನಿಂತು ನೋಡುವವನಿಗೆ ಒಂದು ಸಾದಾ ಪ್ರಶ್ನೆಯು ಎದುರಾಗದೆ ಇರದು: ತಾಯಿಯು ಕೆಲಸಕ್ಕೆ ಹೊರಟ ಗಳಿಗೆಯಿಂದ ಮನೆಗೆ ಮರಳುವ ಗಳಿಗೆಯವರೆಗೆ ಅವಳ ಕೂಸು ಯಾರ ಕೈಯಲ್ಲಿರುತ್ತದೆ?

ಮೂರು ವರ್ಷ ದಾಟಿದ ಮಕ್ಕಳ ಮಟ್ಟಿಗೆ ಈ ಪ್ರಶ್ನೆಗೆ ಅರ್ಧ ಉತ್ತರವುಂಟು. ಮೂರರೊಳಗಿನ ಮಕ್ಕಳ ಮಟ್ಟಿಗೆ ಬಹುತೇಕ ಉತ್ತರವೇ ಇಲ್ಲ. ಇಂದು ನಾವು ವಾಚಕರ ಮುಂದೆ ಇಡಬೇಕೆಂದಿರುವ ಸಂಗತಿಯೂ ಇದೇ ಆಗಿದೆ. ತಾಯಿ ದುಡಿಯುವ ಹೊತ್ತಿನಲ್ಲಿ ಅವಳ ಎಳೆಗೂಸನ್ನು ನೋಡಿಕೊಳ್ಳುವುದು ಊರಿನ ಮತ್ತು ಸರಕಾರದ ಕೂಡುಹೊಣೆಯಾಗಬೇಕು. ಅದನ್ನು ಬಡವರ ಮೇಲೆ ತೋರುವ ದಯೆಯೆಂದೆಣಿಸದೆ ಮಗುವಿಗೆ ಸಲ್ಲತಕ್ಕ ಹಕ್ಕೆಂದು ಎಣಿಸಬೇಕು. ಇದು ಹೆಂಗಸರ ಮಾತೆಂದು ಪುಟ ತಿರುವುವ ಗೃಹಸ್ಥರಿದ್ದರೆ, ಅವರು ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ವಿನಂತಿ. ಒಂದು ನಾಡಿನ ಮುಂದಿನ ಪೀಳಿಗೆಯ ದೇಹಬಲ ಬುದ್ಧಿಬಲಗಳ ತಳಪಾಯದ ಪ್ರಶ್ನೆಯು ಹೆಂಗಸರದಷ್ಟೇ ಆಗಿರಲಾರದು.

ಹಿಂದಿನ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲವೆಂದು ಹಿರಿಯರು ಹೇಳುವುದುಂಟು. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಚೊಚ್ಚಲ ಬಾಣಂತನವು ತವರುಮನೆಯಲ್ಲಿ ಆಗುತ್ತಿತ್ತು. ಎಣ್ಣೆ ನೀರಿಗೆ ಅಜ್ಜಿಯಿದ್ದಳು. ತೊಟ್ಟಿಲು ತೂಗಲು ಅತ್ತೆಯಿದ್ದಳು. ಕೂಸಿಗೆ ಹೊಟ್ಟೆನೋವು ಬಂದರೆ ಆಚೆಮನೆಯ ಹಿರಿಯಳೊಬ್ಬಳು ಕರೆಯದೆಯೇ ಬರುತ್ತಿದ್ದಳು. ಮನೆ ತುಂಬಾ ಜನರಿದ್ದಾಗ ಒಬ್ಬರ ಕೂಸು ಹತ್ತು ಜನರ ತೊಡೆಯ ಮೇಲೆ ಬೆಳೆಯುತ್ತಿತ್ತು. ಇದೆಲ್ಲವೂ ನಿಜ. ಆದರೆ ಈ ಚಿತ್ರದ ಒಂದು ಅಂಚನ್ನು ನಾವು ಮರೆತಿದ್ದೇವೆ. ತಾಯಿ ಗದ್ದೆಗೆ ಹೋದಾಗ ಮನೆಯ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು ಎಂಟು ಹತ್ತು ವರ್ಷದ ಅದರ ಅಕ್ಕ. ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಹತ್ತಿದರೂ ಬಹುದಿನ ನಿಲ್ಲಲಿಲ್ಲ. ಹಳೆಯ ಕಾಲದ ನೆಮ್ಮದಿಯ ಬೆಲೆಯನ್ನು ತೆತ್ತವರು ಈ ಹೆಣ್ಣುಮಕ್ಕಳು. ಒಂದು ಮಗುವನ್ನು ಸಾಕುವುದಕ್ಕಾಗಿ ಇನ್ನೊಂದು ಮಗುವಿನ ಬಾಲ್ಯವನ್ನು ಒತ್ತೆಯಿಟ್ಟ ವ್ಯವಸ್ಥೆಗೆ ಮರಳಬೇಕೆಂದು ವಿವೇಕಿಯಾದ ಯಾವನೂ ಹಾರೈಸಲಾರನು.

ನಮ್ಮ ತಾಲೂಕಿನದೇ ಒಂದು ನಿದರ್ಶನವನ್ನು ಕೊಡೋಣ. ಹೊನ್ನಳ್ಳಿಯ ತುಳಸಿ ಗೌಡರ ಹೆಸರನ್ನು ಕೇಳದವರು ಈಗ ಕರ್ನಾಟಕದಲ್ಲಿ ವಿರಳ. ಹಾಲಕ್ಕಿ ಒಕ್ಕಲಿಗರ ಬಡ ಕುಟುಂಬದಲ್ಲಿ ಹುಟ್ಟಿದ ಆ ಮಹಿಳೆ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು; ಕೂಲಿಗೆ ಹೋಗುವ ತಾಯಿಯ ಬೆನ್ನು ಹತ್ತಿ ಸಸ್ಯಕ್ಷೇತ್ರದ ಕೆಲಸಕ್ಕೆ ಹೋದರು; ಶಾಲೆಯನ್ನು ಕಾಣಲಿಲ್ಲ. ಮುಂದೆ ಗಿಡಮರಗಳ ವಿಷಯದಲ್ಲಿ ಪಂಡಿತರೂ ತಲೆದೂಗುವಂತಹ ಅರಿವನ್ನು ಗಳಿಸಿ, ಪದ್ಮಶ್ರೀ ಪದವಿಗೆ ಪಾತ್ರರಾಗಿ, ೨೦೨೪ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹಿರಿಮೆಗೆ ನಾವು ತಲೆಬಾಗುತ್ತೇವೆ. ಆದರೆ ತಾಯಿಯೊಡನೆ ಕೂಲಿಯ ನೆಲಕ್ಕೆ ಹೋದ ಮಕ್ಕಳಲ್ಲಿ ತುಳಸಿ ಗೌಡರಾದವರು ಒಬ್ಬರೇ ಎಂಬುದನ್ನು ಮರೆಯಬಾರದು. ಉಳಿದವರ ಹೆಸರನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಅಪವಾದವನ್ನು ತೋರಿಸಿ ನಿಯಮವನ್ನು ಸಮರ್ಥಿಸುವುದು ನ್ಯಾಯವಲ್ಲ.

ಅದಿರಲಿ, ಆ ಹಳೆಯ ಮನೆಯಾದರೂ ಈಗ ಎಲ್ಲಿದೆ? ಕರಾವಳಿಯ ಹಳ್ಳಿಗಳಿಂದ ಗಂಡಸರು ಗೋವೆಗೆ, ಮುಂಬಯಿಗೆ, ಬೆಂಗಳೂರಿಗೆ, ಸಮುದ್ರದಾಚೆಯ ಅರಬರ ನಾಡಿಗೆ ದುಡಿಮೆಗೆಂದು ಹೋಗುತ್ತಾರೆ. ಅಣ್ಣತಮ್ಮಂದಿರ ಒಲೆಗಳು ಬೇರೆಯಾಗಿವೆ. ಅಜ್ಜಿಯೂ ಇಂದು ಕೆಲಸಕ್ಕೆ ಹೋಗುವವಳೇ; ಐವತ್ತರ ಹೆಂಗಸು ಮನೆಯಲ್ಲಿ ಕುಳಿತು ಮೊಮ್ಮಗನನ್ನು ಆಡಿಸುವಷ್ಟು ಸಂಪತ್ತು ಬಡವರ ಮನೆಯಲ್ಲಿಲ್ಲ. ಅಕ್ಕ ಶಾಲೆಗೆ ಹೋಗುತ್ತಾಳೆ. ಇದು ಸಂತೋಷದ ಮಾತು. ಆದರೆ ಅಜ್ಜಿಯ ತೊಡೆಯೂ ಅಕ್ಕನ ಸೊಂಟವೂ ಇಲ್ಲವಾದ ಮೇಲೆ ಕೂಸಿಗೆ ಉಳಿದದ್ದೇನು? ಗದ್ದೆಯ ಬದುವಿನ ಮೇಲೆ ಹಾಸಿದ ಗೋಣಿಚೀಲ, ಇಲ್ಲವೆ ಕೈಗೆ ಕೊಟ್ಟ ಮೊಬೈಲು. ಎರಡೂ ಕೂಸನ್ನು ಬೆಳೆಸಲಾರವು.

ಈಗ ಅಂಗನವಾಡಿಯ ವಿಷಯಕ್ಕೆ ಬರೋಣ. ಈ ವಿಚಾರದ ಬೀಜವು ಬಿದ್ದದ್ದು ನಮ್ಮ ಜಿಲ್ಲೆಯೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿಯೇ ಎಂಬುದನ್ನು ಅನೇಕರು ಅರಿಯರು. ತಾರಾಬಾಯಿ ಮೋಡಕ ಎಂಬ ವಿದುಷಿಯು ಗಿಜುಭಾಯಿ ಬಧೇಕಾ ಅವರೊಡನೆ ಭಾವನಗರದಲ್ಲಿ ಶಿಶುಶಿಕ್ಷಣದ ಪ್ರಯೋಗಗಳನ್ನು ನಡೆಸಿ, ಅದು ಪಟ್ಟಣದ ಸಿರಿವಂತರ ಸೊತ್ತಾಗಿ ಉಳಿಯಬಾರದೆಂದು ೧೯೪೫ರಲ್ಲಿ ಠಾಣಾ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಬಾಲವಾಡಿಗೆ ಮಕ್ಕಳು ಬರದಿದ್ದರೆ ಬಾಲವಾಡಿಯೇ ಮಕ್ಕಳ ಮನೆಯಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವಾಗಿತ್ತು. ‘ಅಂಗನ’ ಎಂದರೆ ಅಂಗಳವೇ ಅಲ್ಲವೆ? ದೇಶವು ಸ್ವತಂತ್ರವಾಗಿ ಇಪ್ಪತ್ತೆಂಟು ವರ್ಷಗಳಾದ ಮೇಲೆ, ೧೯೭೫ರ ಗಾಂಧೀಜಯಂತಿಯ ದಿನ, ಮಧ್ಯವರ್ತಿ ಸರಕಾರವು ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪರೀಕ್ಷಾರ್ಥವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಈ ಭಾಗ್ಯ ದೊರೆತದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ದೇಶದಲ್ಲಿ ಸುಮಾರು ೧೪ ಲಕ್ಷ ಕೇಂದ್ರಗಳಿವೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯತಪಾಸಣೆ, ರೋಗಿಗಳನ್ನು ದವಾಖಾನೆಗೆ ಕಳುಹಿಸುವಿಕೆ, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳನ್ನು ಅವು ಸಲ್ಲಿಸಬೇಕು.

ಇದು ಕೃಪೆಯಿಂದ ಕೊಟ್ಟ ವಸ್ತುವಲ್ಲವೆಂಬುದನ್ನು ನ್ಯಾಯಾಲಯವೇ ಸಾರಿದೆ. ೨೦೦೧ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಂದು ವಸತಿಗೂ ಅಂಗನವಾಡಿಯಿರಬೇಕೆಂದು ಆಜ್ಞಾಪಿಸಿತು. ೨೦೦೬ರ ಡಿಸೆಂಬರಿನಲ್ಲಿ ಮುಂದುವರಿದು, ಆರು ವರ್ಷದೊಳಗಿನ ೪೦ ಮಕ್ಕಳಿದ್ದು ಕೇಂದ್ರವಿಲ್ಲದ ವಸತಿಯ ಜನರು ಕೇಳಿಕೊಂಡರೆ ಮೂರು ತಿಂಗಳೊಳಗಾಗಿ ಅದನ್ನು ತೆರೆಯಬೇಕೆಂದು ವಿಧಿಸಿತು. ೨೦೧೩ರ ಆಹಾರ ಭದ್ರತೆಯ ಕಾಯಿದೆಯು ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳ ಮತ್ತು ಗರ್ಭಿಣಿ ಬಾಣಂತಿಯರ ಆಹಾರವನ್ನು ಹಕ್ಕನ್ನಾಗಿ ಮಾಡಿತು. ನಮ್ಮ ರಾಜ್ಯದ ಸರಕಾರವು ೨೦೧೩ರಲ್ಲಿ ಕ್ಷೀರಭಾಗ್ಯದಿಂದ ಹಾಲನ್ನೂ, ೨೦೧೭ರ ಅಕ್ಟೋಬರಿನಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟವನ್ನೂ ಏರ್ಪಡಿಸಿತು. ಮಾಡಿದ್ದನ್ನು ಮಾಡಿದ್ದಾರೆನ್ನುವುದು ಪತ್ರಿಕೆಯ ಧರ್ಮ. ಒಳ್ಳೆಯದಕ್ಕೆ ಒಳ್ಳೆಯದೆಂದು ಹೇಳಿಯೇ ನಾವು ಕುಂದುಗಳತ್ತ ಬೆರಳು ತೋರಿಸುತ್ತೇವೆ.

ಮೊದಲನೆಯ ಕುಂದು, ಮೂರು ವರ್ಷದೊಳಗಿನ ಕೂಸಿನದು. ಕೇಂದ್ರದಲ್ಲಿ ಕುಳಿತು ಉಣ್ಣುವ, ಆಡುವ, ಕಲಿಯುವ ಮಕ್ಕಳು ಮೂರರಿಂದ ಆರರ ವಯಸ್ಸಿನವರು. ಅದಕ್ಕಿಂತ ಚಿಕ್ಕ ಕೂಸಿನ ಪಾಲಿನ ಆಹಾರವನ್ನು ಪೊಟ್ಟಣ ಕಟ್ಟಿ ಮನೆಗೆ ಕೊಡಲಾಗುತ್ತದೆ. ಪೊಟ್ಟಣವು ಮನೆಗೆ ಬರುತ್ತದೆ. ಅದನ್ನು ಬೇಯಿಸಿ ದಿನಕ್ಕೆ ನಾಲ್ಕು ಬಾರಿ ತುತ್ತು ಮಾಡಿ ಉಣಿಸುವವರು ಮನೆಯಲ್ಲಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ಅಲ್ಲಿಂದ ಮುಂದೆ ಮೇಲಾಹಾರ ಬೇಕು ಎನ್ನುವುದು ವೈದ್ಯರ ಮಾತು. ಕೂಸು ಸೊರಗುವುದು ಹೆಚ್ಚಾಗಿ ಈ ಸಂಧಿಕಾಲದಲ್ಲಿಯೇ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ೩೫ ಮಕ್ಕಳ ಎತ್ತರವು ವಯಸ್ಸಿಗೆ ತಕ್ಕಷ್ಟು ಇರಲಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ನೂರಕ್ಕೆ ೬೫ಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿತ್ತು. ಎರಡು ವರ್ಷದೊಳಗೆ ಕುಗ್ಗಿದ ಬೆಳವಣಿಗೆಯನ್ನು ಆಮೇಲಿನ ಊಟವು ಪೂರ್ತಿ ತುಂಬಿಕೊಡಲಾರದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ತಾನೇ ಒಪ್ಪಿಕೊಂಡಂತೆ ಮೆದುಳಿನ ಬೆಳವಣಿಗೆಯ ನೂರಕ್ಕೆ ೮೫ಕ್ಕೂ ಮಿಕ್ಕ ಪಾಲು ಆರು ವರ್ಷದೊಳಗೆ ಆಗುತ್ತದೆ. ಹಾಗಿದ್ದ ಮೇಲೆ ನಾವು ಶಾಲೆಯ ಬಾಗಿಲಲ್ಲಿ ಮಗುವಿಗಾಗಿ ಕಾದುನಿಲ್ಲುವುದು, ಸಸಿ ಬಾಡಿದ ಮೇಲೆ ನೀರಿನ ಕೊಡ ಹೊತ್ತು ತಂದಂತೆ.

ತಾಯಿಯೇ ಮನೆಯಲ್ಲಿರಲಿ ಎನ್ನುವವರು ಅವಳ ಕೂಲಿಯ ಲೆಕ್ಕವನ್ನೂ ಹೇಳಬೇಕು. ೨೦೧೭ರ ತಿದ್ದುಪಡಿಯಿಂದ ನೌಕರಿಯಲ್ಲಿರುವ ಸ್ತ್ರೀಗೆ ಮೊದಲಿನ ಎರಡು ಹೆರಿಗೆಗಳಿಗೆ ೨೬ ವಾರಗಳ ಸಂಬಳಸಹಿತ ರಜೆ ದೊರೆಯಿತು. ಐವತ್ತಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಯಲ್ಲಿ ಶಿಶುಗೃಹವೂ ಇರಬೇಕೆಂದಾಯಿತು. ಇದು ಸ್ವಾಗತಾರ್ಹ. ಆದರೆ ನಾಟಿ ನೆಡುವವಳಿಗೆ, ಮೀನಿನ ಬುಟ್ಟಿ ಹೊರುವವಳಿಗೆ, ಮನೆಕೆಲಸದವಳಿಗೆ ಯಾವ ರಜೆ? ಆಹಾರ ಭದ್ರತೆಯ ಕಾಯಿದೆಯು ಗರ್ಭಿಣಿಗೆ ೬೦೦೦ ರೂಪಾಯಿಗಳಿಗೆ ಕಡಿಮೆಯಿಲ್ಲದ ಸಹಾಯವನ್ನು ವಿಧಿಸಿತು. ೨೦೧೭ರ ಮಾತೃವಂದನಾ ಯೋಜನೆಯು ಅದನ್ನು ೫೦೦೦ಕ್ಕೆ ಇಳಿಸಿ, ಮೊದಲ ಮಗುವಿಗೆ ಮಾತ್ರ ಸೀಮಿತಗೊಳಿಸಿತು. ೨೦೨೨ರಿಂದ ಎರಡನೆಯದು ಹೆಣ್ಣಾದರೆ ೬೦೦೦ವನ್ನು ಸೇರಿಸಿತು. ಕಾಯಿದೆಯು ಒಂದು ಕೈಯಿಂದ ಕೊಟ್ಟದ್ದನ್ನು ಯೋಜನೆಯು ಇನ್ನೊಂದು ಕೈಯಿಂದ ಮೊಟಕು ಮಾಡಿದಂತಾಯಿತು. ೫೦೦೦ ರೂಪಾಯಿ ಎಷ್ಟು ದಿನದ ಕೂಲಿಗೆ ಸಮವೆಂಬುದನ್ನು ವಾಚಕರೇ ಎಣಿಸಿ ನೋಡಲಿ. ಆ ಹಣ ಮುಗಿದ ಮರುದಿನ ತಾಯಿಯು ಕೆಲಸಕ್ಕೆ ಹೋಗಲೇಬೇಕು.

ಎರಡನೆಯ ಕುಂದು, ಹೊತ್ತಿನದು. ಬೆಳಿಗ್ಗೆ ಒಂಬತ್ತೂವರೆಗೆ ತೆರೆದು ಸಾಯಂಕಾಲ ನಾಲ್ಕಕ್ಕೆ ಮುಚ್ಚುವುದು ಅಂಗನವಾಡಿಯ ರೂಢಿ. ಇದು ಕಚೇರಿಯವರು ಕಚೇರಿಯ ಗಡಿಯಾರ ನೋಡಿ ಗೊತ್ತುಮಾಡಿದ ಹೊತ್ತು. ಬೇಲೇಕೇರಿಯ ಬಂದರದಿಂದ ಮೀನು ತಂದು ಮಾರುವವಳ ದಿನವು ನಸುಕಿನಲ್ಲಿಯೇ ಆರಂಭವಾಗುತ್ತದೆ. ಹೊಳೆಯಲ್ಲಿ ಚಿಪ್ಪು ಹೆಕ್ಕುವವಳಿಗೆ ಗಡಿಯಾರವೇ ಇಲ್ಲ, ಉಬ್ಬರವಿಳಿತವೇ ಅವಳ ಗಡಿಯಾರ. ಮಳೆಗಾಲದ ನಾಟಿಯ ದಿನಗಳಲ್ಲಿ ಕತ್ತಲಾಗುವ ತನಕ ಗದ್ದೆಯಲ್ಲಿ ಬಗ್ಗಿರುವವಳು ನಾಲ್ಕು ಗಂಟೆಗೆ ಬಂದು ಮಗುವನ್ನು ಕರೆದೊಯ್ಯುವುದು ಹೇಗೆ? ಸೇವೆಯ ಹೊತ್ತನ್ನು ಸೇವೆ ಪಡೆಯುವವಳ ದುಡಿಮೆಗೆ ಹೊಂದಿಸಬೇಕಲ್ಲದೆ ಅವಳ ದುಡಿಮೆಯನ್ನು ಸೇವೆಯ ಹೊತ್ತಿಗೆ ಹೊಂದಿಸಲಾಗದು.

ಮೂರನೆಯ ಕುಂದು, ಕಾರ್ಯಕರ್ತೆಯ ಸ್ಥಿತಿ. ಅವಳನ್ನು ಸರಕಾರವು ನೌಕರಳೆಂದು ಕರೆಯದೆ ಗೌರವಸೇವಕಿಯೆಂದು ಕರೆಯಿತು, ಸಂಬಳವೆನ್ನದೆ ಗೌರವಧನವೆಂದಿತು. ಗೌರವವೂ ಅಷ್ಟರಲ್ಲೇ, ಧನವೂ ಅಷ್ಟರಲ್ಲೇ. ೨೦೧೮ರಲ್ಲಿ ಮಧ್ಯವರ್ತಿ ಸರಕಾರವು ಗೊತ್ತುಪಡಿಸಿದ ಮಾಸಿಕ ಗೌರವಧನವು ಕಾರ್ಯಕರ್ತೆಗೆ ೪೫೦೦ ರೂಪಾಯಿ, ಸಹಾಯಕಿಗೆ ೨೨೫೦ ರೂಪಾಯಿ. ರಾಜ್ಯಗಳು ಅದಕ್ಕೆ ತಮ್ಮ ಪಾಲನ್ನು ಕೂಡಿಸುತ್ತವೆ. ೨೦೨೨ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರಿಗೆ ನಿವೃತ್ತಿಯ ಉಪದಾನವು ಸಲ್ಲಬೇಕೆಂದು ತೀರ್ಪು ಕೊಡುವ ತನಕ ಅಷ್ಟು ಕನಿಷ್ಠ ನ್ಯಾಯವೂ ಇವರ ಪಾಲಿಗೆ ಖಚಿತವಾಗಿರಲಿಲ್ಲ. ಇದರ ಮೇಲೆ ಮತದಾರರ ಪಟ್ಟಿ, ನಾನಾ ಗಣತಿ, ಹತ್ತಾರು ದಾಖಲೆಪುಸ್ತಕ. ೨೦೨೧ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲು ವ್ಯವಸ್ಥೆ ಬಂದಿತು; ೨೦೨೫ರ ಜುಲೈಯಿಂದ ಮನೆಗೊಯ್ಯುವ ಆಹಾರವನ್ನು ಪಡೆಯುವವಳ ಮುಖಚಹರೆಯನ್ನು ಆ ಯಂತ್ರವು ಗುರುತು ಹಿಡಿದರೇನೇ ಆಹಾರವೆಂಬ ಕಟ್ಟಳೆ ಬಂದಿತು. ಕಳವು ತಡೆಯಬೇಕೆಂಬ ಉದ್ದೇಶವು ಒಳ್ಳೆಯದಿರಬಹುದು. ಆದರೆ ಘಟ್ಟದ ಸೆರಗಿನ ಕೊಪ್ಪಗಳಲ್ಲಿ ಮೊಬೈಲಿಗೆ ಸಂಪರ್ಕ ಸಿಗುವುದೇ ಅಪರೂಪ. ದಿನವೂ ಕಂಡು ಮಾತಾಡುವ ಬಾಣಂತಿಯ ಮುಖವನ್ನು ಕಾರ್ಯಕರ್ತೆ ಗುರುತಿಸಿದರೆ ಸಾಲದು, ಯಂತ್ರವೂ ಗುರುತಿಸಬೇಕೆಂದರೆ, ಅವಿಶ್ವಾಸಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಮಗುವಿನ ಮುಖ ನೋಡಬೇಕಾದವಳ ಕಣ್ಣುಗಳು ದಿನದ ಬಹುಪಾಲು ಯಂತ್ರದ ಮುಖವನ್ನೇ ನೋಡುವಂತಾಗಿದೆ.

ಈ ಕುಂದುಗಳಿಗೆ ಪರಿಹಾರದ ಮಾರ್ಗವೇ ಇಲ್ಲವೆಂದಲ್ಲ. ೧೯೬೯ರಲ್ಲಿ, ಗಾಂಧೀ ಶತಾಬ್ದಿಯ ಕಟ್ಟಡಗಳು ದಿಲ್ಲಿಯ ರಾಜಘಾಟಿನಲ್ಲಿ ಏಳುತ್ತಿದ್ದಾಗ, ಕೂಲಿಯವರ ಕೂಸುಗಳು ಮಣ್ಣುಕಲ್ಲುಗಳ ನಡುವೆ ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್ ಎಂಬ ಮಹಿಳೆಯು ಅಲ್ಲಿಯೇ ಶಿಶುಗೃಹವೊಂದನ್ನು ತೆರೆದರು. ಕೆಲಸ ನಡೆಯುವ ಸ್ಥಳಕ್ಕೇ ಶಿಶುಗೃಹವು ಹೋಗಬೇಕೆಂಬ ಚಳವಳಿಯು ಅಲ್ಲಿಂದ ಬೆಳೆಯಿತು. ೨೦೦೫ರ ಉದ್ಯೋಗ ಖಾತರಿಯ ಕಾಯಿದೆಯಲ್ಲಿ, ಕೆಲಸದ ಸ್ಥಳಕ್ಕೆ ತಾಯಂದಿರೊಡನೆ ಐದು ಎಳೆಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕೆಂಬ ನಿಯಮವಿತ್ತು. ಆ ಕಾಯಿದೆಯ ಆಧಾರದಿಂದಲೇ ನಮ್ಮ ರಾಜ್ಯವು ೨೦೨೩ರ ಆಯವ್ಯಯದಲ್ಲಿ ೪೦೦೦ ಗ್ರಾಮಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು. ಇದು ನಮಗೆ ತಿಳಿದ ಮಟ್ಟಿಗೆ ಮೂರರೊಳಗಿನ ಗ್ರಾಮೀಣ ಕೂಸಿನ ಹೆಸರನ್ನು ಹಿಡಿದು ನಮ್ಮಲ್ಲಿ ಮಾಡಿದ ಅತ್ಯಂತ ದೊಡ್ಡ ಏರ್ಪಾಡು. ಆದರೆ ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತರಿಯ ಹಳೆಯ ಕಾಯಿದೆಯನ್ನು ಬಿಟ್ಟು ಬೇರೆ ಕಾಯಿದೆಯನ್ನು ಅಂಗೀಕರಿಸಿತು. ಕೂಲಿಯ ಯೋಜನೆಯ ಬಾಲಕ್ಕೆ ಕಟ್ಟಿದ ತೊಟ್ಟಿಲು ಆ ಯೋಜನೆ ತಿರುಗಿದತ್ತ ತಿರುಗಬೇಕಾಗುತ್ತದೆ. ಕೂಸಿನ ಮನೆಗೆ ಅದರದೇ ಆದ ಸ್ವಂತ ತಳಪಾಯ ಬೇಕೆಂಬುದಕ್ಕೆ ಬೇರೆ ಪುರಾವೆ ಬೇಡ.

ಮಧ್ಯವರ್ತಿ ಸರಕಾರವೂ ೨೦೨೨ರಲ್ಲಿ ‘ಪಾಲನಾ’ ಎಂಬ ಯೋಜನೆಯಿಂದ ಅಂಗನವಾಡಿಗಳನ್ನೇ ಶಿಶುಗೃಹಗಳನ್ನಾಗಿ ವಿಸ್ತರಿಸಲು ಹೊರಟಿತು. ಆರು ತಿಂಗಳ ಕೂಸಿನಿಂದ ಮೊದಲುಗೊಂಡು ದಿನಕ್ಕೆ ಏಳೂವರೆ ಗಂಟೆ ನೋಡಿಕೊಳ್ಳುವುದು ಅದರ ಸಂಕಲ್ಪ. ದೇಶದಲ್ಲಿ ೧೭,೦೦೦ ಕೇಂದ್ರಗಳು ಅದರ ಗುರಿ. ೧೪ ಲಕ್ಷದ ಎದುರಿಗೆ ೧೭,೦೦೦ವೆಂದರೆ ಎಂಬತ್ತು ಕೇಂದ್ರಗಳಿಗೆ ಒಂದು ಎಂದಾಯಿತು. ಬೀಜ ಒಳ್ಳೆಯದು, ಬಿತ್ತಿದ ಗದ್ದೆ ಅಂಗೈಯಗಲ.

ಈ ವಿಷಯದಲ್ಲಿ ಮೂರು ಆಕ್ಷೇಪಣೆಗಳು ಕೇಳಿಬರುತ್ತವೆ. ಮಕ್ಕಳನ್ನು ಸಾಕುವುದು ತಾಯಿಯ ಧರ್ಮ, ಅದರಲ್ಲಿ ಸರಕಾರವೇಕೆ ಕೈ ಹಾಕಬೇಕು ಎಂಬುದು ಮೊದಲನೆಯದು. ತಾಯಿಯ ಧರ್ಮವನ್ನು ನೆನಪಿಸುವ ನಾವು ತಂದೆಯ ಧರ್ಮವನ್ನು ಯಾವ ಪುರಾಣದಲ್ಲಿ ಮರೆತೆವು? ಶಾಲೆ, ದವಾಖಾನೆ, ರಸ್ತೆಗಳು ಸರಕಾರದವಾದಾಗ ಮನೆತನದ ಮರ್ಯಾದೆಗೆ ಕುಂದಾಗಲಿಲ್ಲ. ಶಿಶುಗೃಹವೊಂದರಿಂದ ಮಾತ್ರ ಅದು ಹೇಗೆ ಕೆಟ್ಟೀತು? ಅಂಗನವಾಡಿಯ ತಾಯಂದಿರ ಸಭೆಯನ್ನು ಇನ್ನು ಮೇಲೆ ತಾಯ್ತಂದೆಗಳ ಸಭೆಯನ್ನಾಗಿ ಮಾಡಬೇಕೆಂದು ನಮ್ಮ ಸೂಚನೆ. ಮಗುವಿನ ತೂಕದ ಪಟ್ಟಿಯನ್ನು ತಂದೆಯೂ ಓದಲು ಕಲಿಯಲಿ.

ಎರಡನೆಯ ಆಕ್ಷೇಪಣೆಯು ಬಾಯಿಂದ ಬರುವುದಿಲ್ಲ, ನಡತೆಯಿಂದ ಬರುತ್ತದೆ. ನಮ್ಮ ವಾಚಕರಾದ ಪಟ್ಟಣಿಗರೂ ಅಧಿಕಾರಿಗಳೂ ತಮ್ಮ ಮಕ್ಕಳನ್ನು ಹಳದಿ ವಾಹನದಲ್ಲಿ ಕೂರಿಸಿ ಇಂಗ್ಲಿಷು ಕಲಿಸುವ ಎಲ್.ಕೆ.ಜಿ.ಗೆ ಕಳುಹಿಸುತ್ತಾರೆ. ಅದು ಅವರವರ ಇಷ್ಟ. ಆದರೆ ಊರಿನಲ್ಲಿ ಮಾತು ನಡೆಯುವವರ ಮಕ್ಕಳು ಯಾವ ಮನೆಯೊಳಗೆ ಕಾಲಿಡುವುದಿಲ್ಲವೋ ಆ ಮನೆಯ ಸೋರುವ ಮಾಡು ಸೋರುತ್ತಲೇ ಇರುತ್ತದೆ. ಬಡವರಿಗೆಂದೇ ಮೀಸಲಾದ ಸೇವೆಯು ಬಡಸೇವೆಯಾಗುವುದು ಎಲ್ಲ ದೇಶಗಳ ಅನುಭವ.

ಮೂರನೆಯ ಆಕ್ಷೇಪಣೆಯು ಹಣದ್ದು. ಇದಕ್ಕೆ ಉತ್ತರವನ್ನು ನಾವು ಇಂಗ್ಲೆಂಡಿನಿಂದ ತರೋಣ. ಆ ದೇಶದಲ್ಲಿ ೧೯೯೯ರಿಂದ ‘ಶೂರ್ ಸ್ಟಾರ್ಟ್’ ಎಂಬ ಹೆಸರಿನಲ್ಲಿ ಬಡ ವಸತಿಗಳಲ್ಲಿ ಕೇಂದ್ರಗಳನ್ನು ತೆರೆದರು. ಶಿಶುವಿನ ಆರೋಗ್ಯ, ಆಟಪಾಠ, ತಾಯ್ತಂದೆಗಳಿಗೆ ಸಲಹೆ, ಕೆಲಸ ಹುಡುಕಲು ನೆರವು, ಎಲ್ಲವೂ ಒಂದೇ ಸೂರಿನಡಿ. ಹತ್ತು ವರ್ಷದಲ್ಲಿ ಕೇಂದ್ರಗಳ ಸಂಖ್ಯೆ ಮೂರೂವರೆ ಸಾವಿರವನ್ನು ಮುಟ್ಟಿತು. ೨೦೧೦ರಿಂದಾಚೆಗೆ ಮಿತವ್ಯಯದ ಹೆಸರಿನಲ್ಲಿ ವೆಚ್ಚವನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಾಗಿ ಕಡಿದು ನೂರಾರು ಕೇಂದ್ರಗಳನ್ನು ಮುಚ್ಚಿದರು. ಆಮೇಲೆ ಅಲ್ಲಿಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ, ಕೇಂದ್ರಗಳ ಹತ್ತಿರ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಆಸ್ಪತ್ರೆ ಸೇರಿದ್ದು ಕಡಿಮೆ, ಹದಿನಾರರ ಪರೀಕ್ಷೆಯಲ್ಲಿ ಬಡಮಕ್ಕಳು ಪಡೆದ ಅಂಕಗಳು ಹೆಚ್ಚು ಎಂಬುದು ತಿಳಿದುಬಂದಿತು. ೨೦೨೫ರಲ್ಲಿ ಅಲ್ಲಿಯ ಸರಕಾರವು ಬೇರೆ ಹೆಸರಿನಿಂದ ಅಂತಹವೇ ಕೇಂದ್ರಗಳನ್ನು ಪುನಃ ತೆರೆಯುವುದಾಗಿ ಸಾರಿತು. ಕಟ್ಟಲು ಹತ್ತು ವರ್ಷ, ಕೆಡವಲು ಹತ್ತು ವರ್ಷ, ಮತ್ತೆ ಕಟ್ಟಲು ಇನ್ನೆಷ್ಟು ವರ್ಷವೋ! ಕೂಸಾದರೋ ಅಷ್ಟು ವರ್ಷ ಕೂಸಾಗಿಯೇ ಕಾದಿರುವುದಿಲ್ಲ.

ಪರದೇಶದ ಮಾತು ಸಾಕು. ಅಂಕೋಲೆಯ ಜನರಿಗೆ ಕೂಡಿ ನಡೆಯುವುದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ೧೯೩೦ರ ಏಪ್ರಿಲ ೧೩ರಂದು ಇಲ್ಲಿಯ ಕಡಲದಂಡೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದಿನ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ಜಮೀನುಗಳ ಜಪ್ತಿಯನ್ನೂ ಸೆರೆವಾಸವನ್ನೂ ಸಹಿಸಿ ಕರ್ನಾಟಕದ ಬಾರ್ಡೋಲಿ ಎಂಬ ಹೆಸರನ್ನು ಗಳಿಸಿದರು. ಮನೆಯ ಯಜಮಾನನು ಸೆರೆಯಲ್ಲಿದ್ದಾಗ ಆ ಮನೆಯ ಮಕ್ಕಳು ತಮ್ಮವರೇ ಎಂದು ನೆರೆಹೊರೆಯು ತಿಳಿಯದೆ ಹೋಗಿದ್ದರೆ ಅಂತಹ ಹೋರಾಟವು ಒಂದು ಮಳೆಗಾಲವನ್ನಾದರೂ ದಾಟುತ್ತಿತ್ತೆ? ಸ್ವಾತಂತ್ರ್ಯ ಬಂದ ಮೇಲೆ ಅಂಕೋಲೆಯ ದಿನಕರ ದೇಸಾಯಿಯವರು ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಸರಕಾರವೇ ಎಲ್ಲವನ್ನೂ ಮಾಡಲೆಂದು ಕಾಯದೆ ಜಿಲ್ಲೆಯ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ಎಬ್ಬಿಸಿದರು. ಜನರ ಉತ್ಸಾಹವು ಮುಂದೆ ನಡೆದರೆ ಸರಕಾರದ ಅನುದಾನವು ಹಿಂದಿನಿಂದ ಬರುತ್ತದೆಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿ. ಹದಿನಾಲ್ಕರ ಹುಡುಗನಿಗಾಗಿ ನಮ್ಮ ಹಿರಿಯರು ಮಾಡಿದ್ದನ್ನು ಹದಿನಾಲ್ಕು ತಿಂಗಳ ಕೂಸಿಗಾಗಿ ನಾವು ಮಾಡಲಾರೆವೆ?

ಈ ಕರಾವಳಿಯಲ್ಲಿ ಇದರ ಜರೂರಿಗೆ ಇನ್ನೊಂದು ಕಾರಣವೂ ಉಂಟು. ೨೦೧೯ರ ಆಗಸ್ಟಿನಲ್ಲಿ ಗಂಗಾವಳಿಯು ಉಕ್ಕಿ ಹರಿದು ಊರೂರನ್ನು ಮುಳುಗಿಸಿತು. ೨೦೨೪ರ ಜುಲೈ ೧೬ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಸಂಸಾರಗಳನ್ನೇ ನುಂಗಿತು. ಇಂತಹ ವಿಪತ್ತಿನಲ್ಲಿ ಕಾಳಜಿ ಕೇಂದ್ರಕ್ಕೆ ಬಂದ ಜನರಿಗೆ ಅನ್ನ, ಚಾಪೆ, ಕಂಬಳಿಗಳು ದೊರೆಯುತ್ತವೆ. ಭಯಗೊಂಡ ಎಳೆಮಕ್ಕಳನ್ನು ಪರಿಚಿತ ಕೈಯೊಂದು ಸಂತೈಸುವ ಏರ್ಪಾಡು ಕಾಗದದಲ್ಲಿಯೂ ಇರುವುದಿಲ್ಲ. ವರ್ಷವಿಡೀ ನಡೆಯುವ ಶಿಶುಗೃಹವು ಊರಲ್ಲಿದ್ದರೆ ಆ ಕೈ ಸಿದ್ಧವಾಗಿರುತ್ತದೆ.

ಆದ್ದರಿಂದ ನಾವು ಸ್ಪಷ್ಟವಾಗಿ ಕೇಳುವುದು ಇಷ್ಟು. ಪ್ರತಿ ಗ್ರಾಮಪಂಚಾಯತಿಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗಾಗಿ ಅಂಗನವಾಡಿಯ ಜೊತೆಯಲ್ಲಿಯೋ ಮಗ್ಗುಲಲ್ಲಿಯೋ ಒಂದು ಶಿಶುಗೃಹವಿರಲಿ. ಕೂಸಿನ ಮನೆ, ಪಾಲನಾ ಎಂಬ ಎರಡು ಹೆಸರುಗಳ ಹಣವನ್ನು ಒಂದೇ ತೊಟ್ಟಿಲಿಗೆ ಸುರಿಯಲಿ. ಅದಕ್ಕೆ ಬೇರೆಯೇ ಒಬ್ಬ ತರಬೇತಾದ ಹೆಂಗಸನ್ನು ತಕ್ಕ ಸಂಬಳ ಕೊಟ್ಟು ನೇಮಿಸಲಿ. ಈಗಿನ ಕಾರ್ಯಕರ್ತೆಯ ಹೆಗಲಿಗೇ ಅದನ್ನೂ ಹೇರಬಾರದು. ಬಾಗಿಲು ತೆರೆಯುವ ಹೊತ್ತನ್ನು ಊರಿನ ತಾಯಂದಿರು ಗೊತ್ತುಮಾಡಲಿ. ಮಗುವಿಗೆ ಸಂಬಂಧಿಸದ ಗಣತಿ ಪಟ್ಟಿಗಳಿಂದ ಕಾರ್ಯಕರ್ತೆಯನ್ನು ಬಿಡುಗಡೆ ಮಾಡಲಿ. ಯಂತ್ರವು ಮುಖವನ್ನು ಗುರುತಿಸಲಿಲ್ಲವೆಂಬ ಕಾರಣಕ್ಕೆ ಒಂದು ತುತ್ತೂ ತಪ್ಪಬಾರದು. ಹೆರ್ಗೆಯ ಸಹಾಯಧನವನ್ನು ಕಾಯಿದೆ ಹೇಳಿದಷ್ಟು, ಕಾಯಿದೆ ಹೇಳಿದವರಿಗೆಲ್ಲ, ಹೊತ್ತಿಗೆ ಸರಿಯಾಗಿ ಸಲ್ಲಿಸಲಿ.

ಇವು ಸರಕಾರದ ಕೆಲಸಗಳು. ಊರವರ ಕೆಲಸವೂ ಕಡಿಮೆಯದಲ್ಲ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿಯೊಂದುಂಟು. ಬಹಳ ಕಡೆ ಅದು ಸಹಿಗಳಲ್ಲಿ ಮಾತ್ರ ಬದುಕಿದೆ. ಅದು ತಿಂಗಳಿಗೊಮ್ಮೆ ನಿಜವಾಗಿ ಕೂಡಲಿ. ಶೆಟಗೇರಿಯಲ್ಲಾಗಲಿ ನೆರೆಯ ಯಾವ ಪಂಚಾಯತಿಯಲ್ಲಾಗಲಿ ಮುಂದಿನ ಗ್ರಾಮಸಭೆ ಕೂಡಿದಾಗ, ರಸ್ತೆ ಗಟಾರಗಳ ಮಾತಿಗೆ ಮುಂಚೆ, ನಮ್ಮ ಊರಲ್ಲಿ ಮೂರರೊಳಗಿನ ಮಕ್ಕಳೆಷ್ಟು, ಅವರಲ್ಲಿ ತಾಯಿ ದುಡಿಯಲು ಹೋಗುವವರೆಷ್ಟು, ಹಗಲು ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಯಾರಾದರೊಬ್ಬರು ಎದ್ದು ಕೇಳಲಿ. ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಲಿ. ನಿವೃತ್ತ ಮಾಸ್ತರರು ವಾರಕ್ಕೊಮ್ಮೆ ಹೋಗಿ ಮಕ್ಕಳಿಗೆ ಕತೆ ಹೇಳಲಿ. ಜಾಗವುಳ್ಳವರು ಎರಡು ಗುಂಟೆ ಬಿಟ್ಟುಕೊಡಲಿ. ತಾಲೂಕಿನ ಅಧಿಕಾರಿಗಳು ಮುಂಚಿತವಾಗಿ ತಿಳಿಸದೆ ಒಂದು ದಿನ ಬಂದು ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಕಡತಗಳು ಹೇಳದ ಸಂಗತಿಗಳನ್ನು ಆ ಒಂದು ಊಟವು ಹೇಳೀತು.

ಮತ ಹಾಕಲಾರದ, ಅರ್ಜಿ ಬರೆಯಲಾರದ, ಮೆರವಣಿಗೆ ಹೊರಡಲಾರದ ಪ್ರಜೆಯೆಂದರೆ ಕೂಸು. ಅದರ ಅಳುವೇ ಅದರ ಅರ್ಜಿ. ಆ ಅರ್ಜಿಯನ್ನು ಸ್ವೀಕರಿಸಲು ಹಗಲು ಹೊತ್ತು ಊರಿನಲ್ಲಿ ಒಬ್ಬರಾದರೂ ಇರಬೇಕು. ಗ್ರಾಮಸಭೆಗಳು ಕೂಡುವ ದಿನಗಳು ದೂರವಿಲ್ಲ. ನಮ್ಮ ವಾಚಕರು ಹೋಗಿ ಆ ಮೂರು ಪ್ರಶ್ನೆಗಳನ್ನು ಕೇಳುವರೆಂದು ನಾವು ನಂಬಿರುತ್ತೇವೆ.